ಮೂರು ಬೋಗುಣಿ ನೀರು

ಫ್ಯಾಕ್ಟರಿ ಬಸ್ಸು ರಾಮನಗರದ ಒಳರಸ್ತೆಗೆ ತಿರುಗಿದ ಕೂಡಲೇ ಬೆಂದ ರೇಷ್ಮೆಗೂಡಿನ ವಾಸನೆ ಕಿಟಕಿಯಿಂದ ನುಗ್ಗಿತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮೂಗು ಮುಚ್ಚಿಕೊಂಡರು. ನನಗೆ ಏಳನೇ ತರಗತಿಯ ವಿಜ್ಞಾನದ ಮಿಸ್ಸು ನೆನಪಾದರು...

ಅವರು ದೊಡ್ಡಮಳೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ‘ಉಷ್ಣ ಮತ್ತು ತಾಪ’ ಪಾಠ ಶುರುವಾದ ಮೇಲೆ ಅವರ ಜೊತೆ ಒಂದು ಸೀಮೆಎಣ್ಣೆ ಸ್ಟೌ ಕೂಡ ಬರತೊಡಗಿತು. “ಮೇಡಂ, ನೀವ್ ಬನ್ನಿ, ಅದ್ನ ಮಾತ್ರ ತರ್ಬ್ಯಾಡಿ. ಜನ ನನ್ನ ಬೈತಾರೆ” ಎಂದು ಕಂಡಕ್ಟರ್ ಗೋಗರೆದದ್ದನ್ನು ಅವರೇ ನಮಗೆ ಹೇಳಿ ನಕ್ಕಿದ್ದರು. ಮಾರನೆಯ ದಿನವೂ ಸ್ಟೌ ಬಂತು.

ಎಲ್ಲವನ್ನೂ ಮಾಡಿಯೇ ತೋರಿಸಬೇಕು ಎಂಬುದು ಅವರ ಹಟ. ಮಾಡಿದ್ದು ಆಗುತ್ತಿರಲಿಲ್ಲ ಎಂಬುದು ನಮ್ಮ ಕರ್ಮ. ಕಬ್ಬಿಣದ ಕಡ್ಡಿಗೆ ಮೇಣದಿಂದ ಗುಂಡುಪಿನ್ನು ಅಂಟಿಸಿ ಒಂದು ತುದಿ ಕಾಯಿಸಿದರೆ ಪಿನ್ನುಗಳು ಒಂದೊಂದಾಗಿ ಉದುರಬೇಕು. ನಮ್ಮಲ್ಲಿ ಸ್ಟೌ ಹಚ್ಚುವ ಮೊದಲೇ ಎಲ್ಲವೂ ಒಟ್ಟಿಗೆ ಬಿದ್ದವು. ಇದ್ದ ಒಂದೇ ಥರ್ಮಾಮೀಟರನ್ನು ಯಾರೋ ಕೊಡವಲು ಹೋಗಿ ಮೇಜಿಗೆ ಬಡಿದು ಒಡೆದರು. ನಾನು ಆಗಲೇ ಡೈರಿ ಬರೆಯುತ್ತಿದ್ದೆ. ‘ಆಯಿತು’, ‘ಆಗಲಿಲ್ಲ’ ಎಂದು ಗೆರೆ ಎಳೆದಿದ್ದೆ. ಮೊದಲನೆಯ ಕಡೆ ಬರೆಯುವ ಯೋಗವೇ ಬರುತ್ತಿರಲಿಲ್ಲ. ಪಕ್ಕದ ಸೆಕ್ಷನ್ನಿನವರು ಆಗಲೇ ಶಬ್ದದ ಪಾಠ ಮುಗಿಸುತ್ತಿದ್ದರು. ಪರೀಕ್ಷೆ ಹತ್ತಿರ ಬರುತ್ತಿತ್ತು. ನನಗೆ ಅಳು ಬರುವಷ್ಟು ಸಿಟ್ಟು.

ಹೆಡ್‌ಮಾಸ್ಟರಿಗೆ ಇನ್ನೂ ಹೆಚ್ಚು. ಒಂದು ಬೆಳಿಗ್ಗೆ ನಮ್ಮ ಎದುರಿಗೇ ಹೇಳಿಬಿಟ್ಟರು: “ಇವತ್ತೊಂದಿನ ನಾನೇ ಕೂತು ನೋಡ್ತೀನಿ ಮೇಡಂ. ಇವತ್ತೂ ಆಗ್ಲಿಲ್ಲ ಅಂದ್ರೆ ಈ ಸ್ಟೌ ಸ್ಕೂಲಿಗೆ ಬರೋ ಹಂಗಿಲ್ಲ. ಪ್ರಶ್ನೆ–ಉತ್ತರ ಬೋರ್ಡ್ ಮೇಲೆ ಬರೀರಿ, ಮಕ್ಕಳು ಬರ್ಕೊಳ್ಳಿ.”

ಮಿಸ್ಸು ಮೇಜಿನ ಮೇಲೆ ಮೂರು ಬೋಗುಣಿ ಇಟ್ಟರು. ಒಂದರಲ್ಲಿ ತಣ್ಣೀರು, ಒಂದರಲ್ಲಿ ಉಗುರುಬೆಚ್ಚಗಿನ ನೀರು, ಇನ್ನೊಂದರಲ್ಲಿ ತಡೆಯುವಷ್ಟು ಬಿಸಿ. ಒಂದು ಕೈ ತಣ್ಣೀರಿಗೆ, ಇನ್ನೊಂದು ಬಿಸಿನೀರಿಗೆ ಹಾಕಿ, ಆಮೇಲೆ ಎರಡನ್ನೂ ನಡುವಿನ ಬೋಗುಣಿಯಲ್ಲಿ ಅದ್ದಬೇಕು. ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಂಪು ಅನ್ನಿಸುತ್ತದೆ. ಕೈ ನಂಬಬೇಡಿ ಎಂಬುದೇ ಪಾಠ. ಹಾಗೆ ಹೇಳಹೊರಟವರೇ, ತಮ್ಮ ಎರಡೂ ಕೈಯಲ್ಲಿ ಕಾದ ಪಾತ್ರೆ ಹಿಡಿದು ಸುರಿಯುತ್ತಾ, ಮುಂದಿನ ಬೆಂಚಿನ ಶಬೀನಾಳನ್ನು ಕರೆದರು.

“ಬೆರಳಿಟ್ಟು ನೋಡಮ್ಮ, ತಡ್ಕೋಬಹುದಾ?”

ಶಬೀನಾ ಬೆರಳು ಅದ್ದಿ, ತೆಗೆಯದೆ ಹೇಳಿದಳು: “ಒಸಿ ಬೆಚ್ಚಗೈತೆ ಅಷ್ಟೆ ಮಿಸ್. ಇನ್ನೊಂಚೂರು ಉಯ್ಯಿ.”

ಮಿಸ್ಸು ಇನ್ನಷ್ಟು ಸುರಿದರು. “ಹೂಂ, ಇವಾಗ ಸರಿ” ಎಂದಳು ಶಬೀನಾ. “ಸಾರ್, ನೀವೇ ಬನ್ನಿ” ಎಂದು ಮಿಸ್ಸು ಹೆಡ್‌ಮಾಸ್ಟರನ್ನು ಕರೆದರು. ಅವರು ಅಂಗಿಯ ತೋಳು ಮಡಿಸಿ ಬಂದು, ನಮ್ಮ ಕಡೆ ನೋಡುತ್ತಾ ಗಂಭೀರವಾಗಿ ಬಲಗೈಯನ್ನು ಬಿಸಿನೀರಿಗೆ ಇಳಿಸಿದರು.

“ಅಯ್ಯಯ್ಯಪ್ಪಾ, ಕೈ ಬೆಂದೋಯ್ತಲ್ರೀ!”

ಬೋಗುಣಿ ಉರುಳಿತು. ಹಿಂದಿನ ಬೆಂಚಿನವನೊಬ್ಬ, “ಗೂಡು ಅನ್ಕಂಡು ಬೇಯಿಸ್ಬುಟ್ರು ಕಣ್ಲಾ” ಎಂದ. ತರಗತಿಯೆಲ್ಲ ನಕ್ಕಿತು. ಶಬೀನಾ ಮಾತ್ರ ಅಳುವ ಹಾಗಾಗಿದ್ದಳು. “ಸುಳ್ಳು ಹೇಳ್ಲಿಲ್ಲ ಮಿಸ್, ಬೆಚ್ಚಗೇ ಇತ್ತು.”

ಮಿಸ್ಸು ಹೆಡ್‌ಮಾಸ್ಟರ ಕೆಂಪಾದ ಕೈಗೆ ತಣ್ಣೀರು ಸುರಿದು, ಶಬೀನಾಳ ಕೈ ಹಿಡಿದು ತಿರುಗಿಸಿ ನೋಡಿದರು. ಬೆರಳ ತುದಿಗಳು ಬೆಳ್ಳಗೆ, ದಪ್ಪಗೆ, ಒಡೆದುಹೋಗಿದ್ದವು.

“ಮನೇಲಿ ನೂಲು ತೆಗೀತೀರಾ?”

“ಸಾಯಂಕಾಲ ಮಾತ್ರ ಮಿಸ್. ಅಮ್ಮಿ ಜೊತೆ ಕೂತ್ಕತೀನಿ. ಬಿಸಿನೀರಿಂದ ಎಳೆ ಎತ್ತಿ ಕೊಡ್ತೀನಿ.”

“ಏನ್ ಮಕ್ಕಳ್ರಮ್ಮ ನೀವು... ಸುಟ್ರೂ ಸುಡ್ತು ಅನ್ನಲ್ವಲ್ಲ” ಎಂದರು ಮಿಸ್ಸು. ಅಷ್ಟು ದಿನ ಎಷ್ಟು ಕೆಟ್ಟರೂ ನಗುತ್ತಿದ್ದವರು ಆವತ್ತು ನಗಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿದರು: “ನೋಡಿದ್ರಲ್ಲ. ನೀರು ಅದೇ. ಒಂದು ಕೈ ಬೆಚ್ಚಗೆ ಅಂತು, ಒಂದು ಕೈ ಬೆಂತು. ಅದಕ್ಕೇ ಕೈ ಸಾಲಲ್ಲ, ಅಳೀಬೇಕು. ಅಳೆದ್ರೆ ಬರೋದೇ ತಾಪ.”

ಕೊನೆಗೂ ಒಂದು ಪ್ರಯೋಗ ಆಗಿತ್ತು. ನಮಗೆಲ್ಲ ಅರ್ಥವೂ ಆಗಿತ್ತು. ಹೆಡ್‌ಮಾಸ್ಟರು ಕೈಗೆ ಊದಿಕೊಳ್ಳುತ್ತಾ ಬಾಗಿಲಲ್ಲಿ ನಿಂತು, “ನಾಳೆಯಿಂದ ಬೋರ್ಡು” ಎಂದು ಹೇಳಿ ಹೋದರು. ಮಿಸ್ಸು ವಾದ ಮಾಡಲಿಲ್ಲ. ಕಂಡಕ್ಟರನ ಹತ್ತಿರ ದಿನಾ ವಾದ ಮಾಡುತ್ತಿದ್ದವರು ಇಲ್ಲಿ ಯಾಕೆ ಸುಮ್ಮನಾದರೋ... ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಉಳಿದ ವರ್ಷವೆಲ್ಲ ಅವರು ಬರೆದರು, ನಾವು ನಕಲು ಮಾಡಿಕೊಂಡೆವು. ಮುಂದಿನ ವರ್ಷ ಅವರಿಗೆ ಮಾಗಡಿ ಕಡೆಗೆ ವರ್ಗವಾಯಿತು.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಡವಾಗಿ. ಹೇಳಿದ್ದು ಶಬೀನಾಳೇ, ಪೇಟೆಯಲ್ಲಿ ಸಿಕ್ಕಾಗ. “ಆಮೇಲೂ ಒಂದ್ಸಲ ಮನೆಗೆ ಬಂದಿದ್ರು ಕಣೋ, ಅಮ್ಮಿ ಜೊತೆ ಜಗಳ ಆಡಕ್ಕೆ. ಟೀ ಕುಡ್ಕೊಂಡು ಹೋದ್ರು” ಎಂದಳು.

ನಾನೀಗ ಕೆಲಸ ಮಾಡುವಲ್ಲಿ ಬಣ್ಣ ಒಣಗಿಸುವ ದೊಡ್ಡ ಒಲೆಯಿದೆ. ಹುಡುಗರು ಬಾಗಿಲ ಹತ್ತಿರ ಕೈ ಹಿಡಿದು, “ಕಾದೈತೆ ಬುಡಣ್ಣ” ಎನ್ನುತ್ತಾರೆ. ನಾನು ತಾಪದ ಮೀಟರು ನೋಡದೆ ಅದರ ಬಾಗಿಲು ತೆಗೆಸುವುದಿಲ್ಲ, ತಡವಾಯಿತೆಂದು ಬೈಸಿಕೊಳ್ಳುತ್ತೇನೆ. ಆ ವರ್ಷ ಬೋರ್ಡಿನಿಂದ ಇಳಿಸಿಕೊಂಡ ಬೆಳಕು, ಶಬ್ದ, ಕಾಂತ ಯಾವುದೂ ತಲೆಯಲ್ಲಿ ಉಳಿದಿಲ್ಲ. ಅವನ್ನೂ ಮಿಸ್ಸು ಹೇಗೋ ಕೆಡಿಸಿ, ಸುಟ್ಟು, ಒಡೆದು ತೋರಿಸುತ್ತಿದ್ದರೋ ಏನೋ. ಹೆಡ್‌ಮಾಸ್ಟರು ಬಿಡಲಿಲ್ಲ. ಈಗ ಕೇಳೋಣವೆಂದರೆ ಮಿಸ್ಸು ಇಲ್ಲ.