ಜ್ವರ ಇಳಿದ ಮೇಲೆ

ಮಗಳಿಗೆ ಜ್ವರದ ಸಿರಪ್ ಕುಡಿಸಿ ಚಮಚ ತೊಳೆಯುತ್ತಿದ್ದೆ. ಆ ಕಿತ್ತಳೆ ಹಣ್ಣಿನ ವಾಸನೆ ಇದೆಯಲ್ಲ, ಯಾವ ಕಿತ್ತಳೆ ಹಣ್ಣಿಗೂ ಇರದಂಥದು, ಅದು ಮೂಗಿಗೆ ಬಡಿದರೆ ಸಾಕು, ನನಗೆ ಅನುಮಾನ ಶುರುವಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಅನುಮಾನದವಳು. ತಕ್ಕಡಿಯ ತಳ ನೋಡದೆ ತರಕಾರಿ ತಂದವಳಲ್ಲ. ಆದರೆ ಮನೆಯ ಮಂದಿಯನ್ನೇ ಅನುಮಾನಿಸಿದ್ದು ಒಂದೇ ಸಲ.

ಆಗ ಮಗಳಿಗೆ ಮೂರೂವರೆ ತಿಂಗಳು. ನನ್ನ ರಜೆ ಮುಗಿಯುತ್ತ ಬಂದಿತ್ತು; ಮುಂದಿನ ವಾರದಿಂದ ಕಾರವಾರದಲ್ಲಿ ಬಸ್ಸು ಹಿಡಿದು ಅಂಕೋಲೆಯ ಶಾಲೆಗೆ ಪಾಠ ಮಾಡಲು ಹೋಗಬೇಕು. ಗಂಡ ಬೆಳಗಾಗುವ ಹೊತ್ತಿಗೆ ಕೈಗಾ ಅಣುಸ್ಥಾವರದ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ತೂಕಡಿಸುತ್ತಿರುತ್ತಾರೆ. ಹಾಗಾಗಿ ಕೂಸನ್ನು ನೋಡಿಕೊಳ್ಳಲು ಅವರ್ಸಾದಿಂದ ಅತ್ತೆ ಬಂದಿದ್ದರು. ಜೀವಮಾನವೆಲ್ಲ ಅಂಕೋಲೆ ಪೇಟೆಯಲ್ಲಿ ಮೀನು ಮಾರಿದವರು. ಅವರನ್ನು ನಂಬಿ ಕೂಸನ್ನು ಬಿಟ್ಟು ಹೋಗಬಹುದೋ ಇಲ್ಲವೋ ಎಂದು ನಾನು ಆ ವಾರವೇ ತೀರ್ಮಾನಿಸಬೇಕಿತ್ತು. ಇಲ್ಲವೆಂದಾದರೆ ಕೆಲಸ ಬಿಡಬೇಕಿತ್ತು.

ಕೂಸಿಗೆ ಲಸಿಕೆಯ ಸೂಜಿ ಹಾಕಿಸುವ ದಿನ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ನಿಂತವರು ಅತ್ತೆಯೇ. ನಾನೋ, ತಾಯಂದಿರ ವಾಟ್ಸಾಪ್ ಗುಂಪಿನ ಪಂಡಿತೆ. "ನೋವೇ ಆಗದ ಹಾಗೆ ಮೊದಲೇ ಜ್ವರದ ಡ್ರಾಪ್ಸ್ ಹಾಕಿಬಿಡಲಾ?" ಎಂದು ಆಸ್ಪತ್ರೆಯ ಸಿಸ್ಟರನ್ನು ಕೇಳಿದೆ.

"ಮೊದ್ಲೇ ಬೇಡ. ಜ್ವರ ಬಂದ್ರೆ ಮಾತ್ರ ಹಾಕಿ," ಎಂದು ಅವರು ಔಷಧಿಯ ಸೀಸೆ ಕೊಟ್ಟು, ಎಷ್ಟು ಹನಿ ಎಂಬುದನ್ನು ಎರಡೆರಡು ಸಲ ಹೇಳಿ ಕಳಿಸಿದರು. ನಿನ್ನೆಯ ಬಂಗಡೆ ಮೀನನ್ನು ಇಂದಿನದೆಂದು ಯಾರೋ ತಮಗೇ ಮಾರಲು ಬಂದ ಹಾಗೆ ಅತ್ತೆ ಆ ಪುಟ್ಟ ಸೀಸೆಯನ್ನು ನೋಡಿದರು.

ಮಧ್ಯಾಹ್ನ ಕೂಸಿನ ಮೈ ಕಾದಿತು, ಅಳು ಶುರುವಾಯಿತು. ಕಪಾಟಿನಲ್ಲಿಟ್ಟ ಸೀಸೆ ಇಲ್ಲ. "ನೀವು ನೋಡಿದ್ರಾ ಅತ್ತೆ?" ಎಂದರೆ, "ಎಲ್ಲೋ ಇರ್ತದೆ," ಎಂದರು, ನನ್ನ ಮುಖ ನೋಡದೆ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಅವರದೇ ಎಲೆ ಅಡಿಕೆಯ ಚೀಲದಲ್ಲಿ. ನನಗೆ ಮೈಯೆಲ್ಲ ಉರಿಯಿತು. ಕೂಸು ಒದ್ದಾಡುವಾಗ ಔಷಧಿ ಬಚ್ಚಿಡುವವರನ್ನು ನಂಬಿ ಹೇಗೆ ಹೋಗಲಿ?

"ಎಂತಕ್ಕೆ ಹೀಗೆ ಮಾಡಿದ್ರಿ?"

ಅತ್ತೆ ಕೂಸಿನ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ಗೀರಿದರು. ಅದು ಝಾಡಿಸಿ ಒದೆಯಿತು. ಇನ್ನೊಂದು ಕಾಲಿಗೂ ಹಾಗೇ ಮಾಡಿ ನೋಡಿದರು.

"ನಿನ್ನ ಭಾವಂಗೂ ಸಣ್ಣಿದ್ದಾಗ ಹೀಂಗೇ ಜ್ವರ ಬಂದಿತ್ತು. ಅಂಗಡಿಯವ ಗುಳಿಗೆ ಕೊಟ್ಟ, ಅರೆದು ಕುಡಿಸ್ದೆ. ಮೈ ತಣ್ಣಗಾಯ್ತು, ಅಳು ನಿಂತ್ತು. ಗುಣ ಆಯ್ತು ಅಂದ್ಕಂಡು ನಾ ಬುಟ್ಟಿ ಹೊತ್ಕಂಡು ಪೇಟಿಗೆ ಹೋದೆ. ಬಂದು ಎತ್ತಿ ನಿಲ್ಸಿದ್ರೆ, ಕಾಲು ನಿಲ್ಲಲೇ ಇಲ್ಲ."

ನನ್ನ ಭಾವ ಅವರ್ಸಾದ ದಂಡೆಯಲ್ಲಿ ಕೂತು ಬಲೆ ಸರಿಮಾಡುತ್ತಾರೆ. ಅವರ ಒಂದು ಕಾಲು ಸಣಕಲು. ಅದು ಪೋಲಿಯೋ, ಗುಳಿಗೆಯ ತಪ್ಪಲ್ಲ, ಗುಳಿಗೆ ಕೊಡದಿದ್ದರೂ ಕಾಲು ಹೋಗುತ್ತಿತ್ತು. ಇಷ್ಟು ನನಗೂ ಗೊತ್ತು, ಹೇಳಿದೆ.

"ಡಾಕ್ಟ್ರೂ ಹಾಂಗೇ ಹೇಳಿದ್ರು," ಎಂದರು ಅತ್ತೆ. "ಮೊದ್ಲೇ ಪೋಲಿಯೋ ಹನಿ ಹಾಕ್ಸಿದ್ರೆ ಕಾಲು ಉಳೀತಿತ್ತು ಅಂದ್ರು. ಸೂಜಿ ಮೇಲೆ ನಂಗೆ ಅನುಮಾನ ಇಲ್ಲ ಮಗಾ. ಈ ಸೀಸೆ ಮೇಲೆ. ಅಳೂ ಕೂಸನ್ನ ಬಿಟ್ಟು ಯಾರೂ ಪೇಟಿಗೆ ಹೋಗೂದಿಲ್ಲ."

ಸಿಸ್ಟರ್ ಹೇಳಿದಷ್ಟೇ ಹನಿ ಹಾಕಿದೆ. ಅತ್ತೆ ತಡೆಯಲಿಲ್ಲ, ಕೂಸಿನ ತಲೆ ಹಿಡಿದುಕೊಂಡರು. ಜ್ವರ ಇಳಿದು ಅದು ನಿದ್ದೆ ಹೋದ ಮೇಲೂ ಅವರು ಅದರ ಪಕ್ಕದಿಂದ ಏಳಲಿಲ್ಲ, ಊಟಕ್ಕೂ. ಮುಂದಿನ ವಾರ ನಾನು ಅಂಕೋಲೆ ಬಸ್ಸು ಹತ್ತಿದೆ. ಅಷ್ಟು ಅನುಮಾನ ಇರುವವರ ಕೈಗಲ್ಲದೆ ಇನ್ಯಾರ ಕೈಗೆ ಮಗುವನ್ನು ಕೊಡಲಿ, ನೀವೇ ಹೇಳಿ.

ಇಂದು ಹಾಕಿಸಿದ್ದು ಐದು ವರ್ಷದ ಸೂಜಿ. ಇಷ್ಟನ್ನು ನೆನೆಯುವಷ್ಟರಲ್ಲಿ ಮಗಳ ಮೈ ತಣ್ಣಗಾಗಿದೆ, ಹೊರಗೆ ಗೆಳತಿಯರು ಕೂಗುತ್ತಿದ್ದಾರೆ.

"ಆಡೂಕೆ ಹೋಗ್ಲಾ ಆಯಿ?" ಎಂದು ನನ್ನ ಸೆರಗು ಜಗ್ಗಿದಳು.

"ಮೊದ್ಲು ಬಾಗಿಲ ತನಕ ನಡೆದು ತೋರ್ಸು."

ನಡೆದಳು. ಒಂಟಿಗಾಲಲ್ಲಿ ಕುಪ್ಪಳಿಸಲು ಹೇಳಿದೆ. ಆಮೇಲೆ ಇನ್ನೊಂದು ಕಾಲಲ್ಲಿ.

"ಬಿಡೇ ಮಾರಾಯ್ತಿ, ಹೋಗ್ಲಿ ಅದು," ಎಂದರು ಅತ್ತೆ, ಜಗುಲಿಯಿಂದ. "ಎಷ್ಟಂತ ಅನುಮಾನ ನಿಂಗೆ?"

ಮಗಳನ್ನು ಇನ್ನೊಂದು ಸಲ ನಡೆಸಿ ನೋಡಿದೆ.