ಅತ್ತೆಯ ಮೂಗು ಮತ್ತು ನಾಲ್ಕು ಬಾಟಲಿ

ಬಾಟಲಿಗಳು ನಾಲ್ಕೋ ಐದೋ, ಖಚಿತವಾಗಿ ಹೇಳಲಾರೆ. ಆ ವರ್ಷದ ಡೈರಿಯಲ್ಲಿ ನಾಲ್ಕು ಎಂದಿದೆ. ಆದರೆ ಅದೇ ಡೈರಿಯಲ್ಲಿ ನಾನು ದಿನವೂ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದೆ ಎಂದೂ ಇದೆ. ನಾಲ್ಕೆಂದೇ ಇಟ್ಟುಕೊಳ್ಳೋಣ.

ನಾಯಿಯ ಬಿಸ್ಕತ್ತನ್ನೂ ವೆಬ್‌ಸೈಟಿನಲ್ಲಿ ಮಾರಬಹುದೆಂದು ಸ್ಯಾನ್ ಫ್ರಾನ್ಸಿಸ್ಕೋ ನಂಬಿದ್ದ ಡಾಟ್‌ಕಾಮ್ ಕಾಲ ಅದು. ನಾನು ಸೇರಿದ್ದ ಕಂಪನಿ ವೈನ್ ಮಾರುತ್ತಿತ್ತು. ಇಂಟರ್‌ವ್ಯೂನಲ್ಲಿ ನಾನು ಮೈಸೂರಿನಲ್ಲಿ ಮಾಡಿದ್ದ ಫ್ರೆಂಚ್ ಡಿಪ್ಲೊಮಾ ತೋರಿಸಿದ್ದೆ. ಫ್ರೆಂಚ್ ಬಂದವಳಿಗೆ ವೈನೂ ಬರುತ್ತದೆಂದು ಅವರೇ ತಿಳಿದುಕೊಂಡರು. ನಾನು ತಿದ್ದಲಿಲ್ಲ.

ಒಂದು ಶುಕ್ರವಾರ ಬಾಸು ದಕ್ಷಿಣ ಫ್ರಾನ್ಸಿನ ಒಂದು ದ್ರಾಕ್ಷಿ ತೋಟದ ಬಾಟಲಿಗಳನ್ನು ನನ್ನ ಮೇಜಿನ ಮೇಲಿಟ್ಟ. ತೋಟದವರ ಚೀಟಿಯಲ್ಲಿ ಯಾವ ವೈನಿನ ಜೊತೆ ಕುರಿಮರಿ, ಯಾವುದರ ಜೊತೆ ಬಾತುಕೋಳಿ ತಿನ್ನಬೇಕು ಎಂದು ಬರೆದಿತ್ತು. ಭಾರತೀಯರೇ ತುಂಬಿರುವ ಫ್ರೀಮಾಂಟಿನ ಸಸ್ಯಾಹಾರಿಗಳಿಗೆ ಇದು ನಡೆಯದು, ಸೋಮವಾರದೊಳಗೆ ಇವಕ್ಕೆ ಹೊಂದುವ ನಿಮ್ಮ ಕಡೆಯ ಊಟಗಳನ್ನು ಬರೆದು ತನ್ನಿ ಎಂದ. ನಿಮ್ಮ ಪ್ರೊಬೇಷನ್ನು ಮುಗಿಯುವುದೂ ಸೋಮವಾರವೇ, ನಿಮ್ಮನ್ನು ಇಟ್ಟುಕೊಳ್ಳುವುದೋ ಬಿಡುವುದೋ ಇದನ್ನು ನೋಡಿ ಹೇಳುತ್ತೇನೆ ಎಂದೂ ಸೇರಿಸಿದ.

ಶನಿವಾರ ಮಧ್ಯಾಹ್ನ, ಗಂಡ ಎಂದಿನಂತೆ ಆಫೀಸಿನಲ್ಲಿದ್ದಾಗ, ಅಡುಗೆಮನೆಯಲ್ಲಿ ನಾಲ್ಕನ್ನೂ ತೆರೆದು ಒಂದೊಂದು ಗುಟುಕು ಕುಡಿದೆ. ನಾಲ್ಕೂ ಕೆಮ್ಮಿನ ಔಷಧಿ. ಅಷ್ಟರಲ್ಲಿ ಹಾಸನದಿಂದ ಬಂದು ನಮ್ಮಲ್ಲಿದ್ದ ಅತ್ತೆ ಬಾಗಿಲಲ್ಲಿ ನಿಂತರು.

"ಏನೇ ಇದು?"

"ಫ್ರಾನ್ಸಿನ ದ್ರಾಕ್ಷಾಸವ, ಅತ್ತೆ."

ಅವರು ಕನ್ನಡಕ ಹಾಕಿಕೊಂಡು ಬಾಟಲಿಯ ಬೆನ್ನು ಓದಿದರು. "ಬಸುರಿಯರು ಕುಡೀಬಾರ್ದು ಅಂತ ಬರೆದಿದೆ. ದ್ರಾಕ್ಷಾಸವಕ್ಕೆ ಹಾಗೆ ಬರೀತಾರಾ? ಸುಳ್ಳು ಹೇಳೋಳು ಮೊದ್ಲು ಚೀಟಿ ಕೀಳಬೇಕು ಕಣೇ."

ಕೆಲಸದ ವಿಷಯವೆಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಸ್ಟೂಲು ಎಳೆದು ಕೂತರು. ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲದ ಮನೆಯಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವರು. ಸಾರಿನ ಹಬೆಗೆ ಮೂಗು ಒಡ್ಡಿದರೆ ಉಪ್ಪು ಕಡಿಮೆಯೆಂದು ಹೇಳಬಲ್ಲವರು.

"ಮುಟ್ಟಲ್ಲ ನಾನು. ನೀನೇ ಹಿಡಿ."

ನಾನು ಗಾಜಿನ ಲೋಟವನ್ನು ಅವರ ಮೂಗಿನ ಹತ್ತಿರ ಹಿಡಿದೆ. ಬಿಳಿಯದಕ್ಕೆ ಮಾವಿನಕಾಯಿ ಚಿತ್ರಾನ್ನ ಎಂದರು. ಗುಲಾಬಿ ಬಣ್ಣದ್ದಕ್ಕೆ ಸೌತೆಕಾಯಿ ಕೋಸಂಬರಿ. ಸಿಹಿಯದನ್ನು ಮೂಸಿ, "ಕಿತ್ತಳೆ ಸಿಪ್ಪೆ, ಒಣದ್ರಾಕ್ಷಿ. ಹೋಳಿಗೆಗೆ ಹಾಲು ತುಪ್ಪ ಇರುವಾಗ ಇದ್ಯಾಕೋ ಕಾಣೆ. ಇರ್ಲಿ, ಬರ್ಕೋ," ಎಂದರು.

ಕೆಂಪಿನ ಮುಂದೆ ಮಾತ್ರ ಮೂಗು ತಡೆಯಿತು. "ದೊಡ್ಡಪತ್ರೆ ವಾಸನೆ ಇದೆ. ಮಿಕ್ಕಿದ್ದು ತಿಳೀತಿಲ್ಲ. ನೀನು ಹೋಗಿ ಬಟ್ಟೆ ತಗೊಂಬಾ, ಮಷೀನು ನಿಂತಿರತ್ತೆ."

ಕೆಳಗಿನ ಲಾಂಡ್ರಿ ರೂಮಿಗೆ ಹೋಗಿ ಬರುವಷ್ಟರಲ್ಲಿ ಉತ್ತರ ಸಿದ್ಧವಾಗಿತ್ತು. "ಒಗರು. ಎಳೇ ಬಾಳೆಕಾಯಿ ಕಚ್ಚಿದಂಗೆ ನಾಲಿಗೆ ಹಿಡಿಯತ್ತೆ. ಎಣ್ಣೆ ಬೇಕು ಇದಕ್ಕೆ. ಬದನೆಕಾಯಿ ಎಣ್ಣೆಗಾಯಿ ಬರಿ." ಕೆಲಸ ಉಳಿಯಿತೆಂಬ ಖುಷಿಯಲ್ಲಿ ಹೇಳಿದ್ದು ಹೇಳಿದಂತೆ ಬರೆದುಕೊಂಡೆ.

ಸೋಮವಾರ ನಮ್ಮ ಆಫೀಸಿನ ವೈನ್ ಪಂಡಿತೆ ನನ್ನ ಹಾಳೆಯನ್ನು ಓದುತ್ತ ಎಣ್ಣೆಗಾಯಿಯ ಸಾಲಿಗೆ ಬಂದು ನಿಂತಳು. ಬಾಯಿ ಒಣಗಿಸುವ ಆ ಗುಣವನ್ನು ಸರಿಯಾಗಿ ಹಿಡಿದಿದ್ದೀಯ ಎಂದಳು. ಅದು ಮೂಗಿಗೆ ಸಿಗುವಂಥದಲ್ಲ, ನಾಲಿಗೆಗೇ ಸಿಗಬೇಕು ಎಂದೂ ಹೇಳಿದಳು. ಬಾಸು ನನ್ನನ್ನು ಉಳಿಸಿಕೊಂಡ. ಮುಂದಿನ ವರ್ಷ ಕಂಪನಿಯೇ ಉಳಿಯಲಿಲ್ಲ, ಅದು ಬೇರೆ ಮಾತು.

ಮನೆಗೆ ಹೋಗುವ ಟ್ರೈನಿನಲ್ಲಿ ಅವಳ ಮಾತು ಮತ್ತೆ ನೆನಪಾಯಿತು. ಅದರ ಜೊತೆಗೇ, ಶನಿವಾರ ಬಟ್ಟೆಯ ಬುಟ್ಟಿ ಹೊತ್ತು ನಾನು ಒಳಗೆ ಬಂದಾಗ ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿದ್ದ ಅತ್ತೆಯ ಸ್ಟೀಲಿನ ಲೋಟ. ಅಥವಾ ಆ ಲೋಟವನ್ನು ನಾನು ಆಮೇಲೆ ಕಲ್ಪಿಸಿಕೊಂಡೆನೋ ಏನೋ, ಡೈರಿಯಲ್ಲಿ ಅದಿಲ್ಲ.

ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಕೇಳಿದೆ. "ಕೈ ತೊಳ್ಕೊಂಡು ಬಾ, ಸೊಪ್ಪು ಇನ್ನೂ ಇದೆ," ಎಂದರು. ಆಮೇಲೂ ಎಷ್ಟೋ ಸಲ ಫೋನಿನಲ್ಲಿ ಕೇಳಿದ್ದೇನೆ. ಹೋದ ಯುಗಾದಿಗೆ ಕೇಳಿದಾಗ, ಕಡಲೆಬೇಳೆ ನೆನೆಹಾಕಿದೆಯಾ ಎಂದು ನನ್ನನ್ನೇ ಕೇಳಿದರು. ಪ್ರಶ್ನೆ ಮಾತ್ರ ಅಂದಿನದೇ:

"ಅಲ್ಲ ಅತ್ತೆ, ಒಗರು ಅನ್ನೋದು ಮೂಗಿಗೆ ಹೇಗೆ ಗೊತ್ತಾಯ್ತು?"