ಓಬಕ್ಕನ ತಿಪ್ಪೆ ಎತ್ತಿದ ಶಿಬಿರ

ಸಾರಥಿ ಎಂಬ ಊರಿನ ಓಬಕ್ಕನಿಗೆ ಆಸ್ತಿ ಎಂದು ಇದ್ದದ್ದು ನಾಲೆಯ ಕೊನೆಗೆ ಒಂದೂವರೆ ಎಕರೆ ಗದ್ದೆ, ಎರಡು ಎಮ್ಮೆ, ಒಂದು ನಾಲಿಗೆ, ಮತ್ತೆ ಶಾಲೆ ರಸ್ತೆಯ ತಿರುವಿನಲ್ಲಿ ಒಂದು ತಿಪ್ಪೆ. ಇದರಲ್ಲಿ ಊರು ಹೆದರುತ್ತಿದ್ದದ್ದು ನಾಲಿಗೆಗೆ. ಕಣ್ಣು ಹಾಕಿದ್ದು ತಿಪ್ಪೆಯ ಮೇಲೆ.

ತಿಪ್ಪೆ ಎಂದರೆ ಮೂಗು ಮುಚ್ಚುವವರು ಗದ್ದೆ ಮಾಡಿ ಉಂಡವರಲ್ಲ. ಸಗಣಿ, ಗಂಜಳ, ಒಲೆಯ ಬೂದಿ, ಎಮ್ಮೆ ತಿಂದು ಬಿಟ್ಟ ಹುಲ್ಲು ಎಲ್ಲ ಸೇರಿ ಎರಡು ಮಳೆಗಾಲ ಕೊಳೆತರೆ ಹಿಡಿದ ಮುಷ್ಟಿಯಲ್ಲಿ ಕಾಫಿಪುಡಿಯ ಹಾಗೆ ಉದುರುತ್ತದೆ. ಓಬಕ್ಕನ ಗಂಡ ತೀರಿಕೊಂಡ ವರ್ಷ ಮೈದುನರು ಮನೆ ಪಾಲು ಮಾಡಿದರು. ಕೊನೆಗೆ ಉಳಿದದ್ದು ಎರಡು: ಹಿತ್ತಾಳೆ ಹಂಡೆ ಮತ್ತು ತಿಪ್ಪೆಯ ಜಾಗ. ಯಾವುದು ಬೇಕು ಎಂದು ಕೇಳಿದರು. ಓಬಕ್ಕ ತಿಪ್ಪೆ ಎಂದಳು. ಮೈದುನರ ಹೆಂಡಿರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಂಡೆ ತೂತು ಬೀಳುವ ಹೊತ್ತಿಗೆ ಓಬಕ್ಕನ ಭತ್ತ ಸೊಂಟದ ಮಟ್ಟ ಬಂದಿತ್ತು. ನಗು ನಿಂತಿತು.

ಆ ಜಾಗ ಬಿಡಿಸಲು ಬಂದವರೆಲ್ಲ ಬಂದ ದಾರಿ ಹಿಡಿದಿದ್ದರು. ಒಬ್ಬ ಅಧಿಕಾರಿ ಟೇಪು ಹಿಡಿದು ಅಳೆಯಲು ಬಂದಾಗ ಓಬಕ್ಕ ಜಗಳವನ್ನೇನೂ ಮಾಡಲಿಲ್ಲ. ಟೇಪಿನ ಒಂದು ತುದಿ ತಾನು ಹಿಡಿದುಕೊಂಡು, ಇನ್ನೂ ಆ ಕಡೆ ಹೋಗ್ರಿ, ಇನ್ನೂ ಸ್ವಲ್ಪ ಹೋಗ್ರಿ ಎಂದು ಮರ್ಯಾದೆಯಿಂದಲೇ ಹೇಳುತ್ತ ಅವನನ್ನು ಮೊಣಕಾಲು ಮುಳುಗುವವರೆಗೆ ನಡೆಸಿದಳು. ಅವನ ಒಂದು ಬೂಟು ಇವತ್ತಿಗೂ ಅಲ್ಲೇ ಇದೆ ಎಂದು ಊರಿನವರು ಹೇಳುತ್ತಾರೆ. ಗೊಬ್ಬರವಾಗಿ ಗದ್ದೆ ಸೇರಿತು ಎನ್ನುವವರೂ ಇದ್ದಾರೆ.

ತಿಪ್ಪೆ ಜಾಗಕ್ಕೆ ಪಹಣಿಯಿಲ್ಲ, ಖಾತೆಯಿಲ್ಲ. ಊರಿನ ಕಟ್ಟಳೆ ಮಾತ್ರ ಇದೆ. ಯಾರ ತಿಪ್ಪೆ ಬಿದ್ದಿದೆಯೋ ಜಾಗ ಅವರದು. ಗೊಬ್ಬರ ಹೇರುವಾಗ ತಳದಲ್ಲಿ ಒಂದು ಪುಟ್ಟಿಯಷ್ಟಾದರೂ ಬಿಡಬೇಕು. ತಳ ಖಾಲಿಯಾಯಿತೋ, ಜಾಗ ಊರಿನದು. ಅಂದರೆ ಮೊದಲು ಕಾಲೂರಿದವನದು. ಹಾಗೆ ಕಾಲೂರಲು ಕಾಯುತ್ತಿದ್ದವನು ಟ್ರ್ಯಾಕ್ಟರ್ ಉಜ್ಜನಪ್ಪ. ಮಗನಿಗೆ ಅಲ್ಲಿ ಮಿರ್ಚಿ ಮಂಡಕ್ಕಿ ಅಂಗಡಿ ಇಡಿಸಬೇಕೆಂದು ಹರಿಹರದಲ್ಲಿ ತಗಡಿನ ಗೂಡು ಮಾಡಿಸಿ, ಬಣ್ಣವನ್ನೂ ಹೊಡೆಸಿ, ಮನೆ ಹಿಂದೆ ನಿಲ್ಲಿಸಿಕೊಂಡಿದ್ದ. ಕೋಳಿಗಳು ಅದರಲ್ಲಿ ಸಂಸಾರ ಹೂಡಿದ್ದವು.

ಜನವರಿಯಲ್ಲಿ ದಾವಣಗೆರೆಯ ಒಂದು ಕಾಲೇಜಿನ ಹುಡುಗ ಹುಡುಗಿಯರು ಸೇವಾ ಶಿಬಿರಕ್ಕೆ ಬಂದಿಳಿದರು. ಬಿಳಿ ಟೋಪಿ, ಎದೆಯ ಮೇಲೆ ಬ್ಯಾಡ್ಜು, ಕೈಯಲ್ಲಿ ಹೊಸ ಸಲಿಕೆ. ಸಲಿಕೆಗಳ ಹಿಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಶಾಲೆಯಲ್ಲಿ ಮಲಗುತ್ತಿದ್ದರು, ಬೆಳಗಾಗುವ ಮೊದಲೇ ಸೀಟಿ ಊದಿ ಎದ್ದು ಹಾಡು ಹೇಳುತ್ತ ಊರು ಸುತ್ತುತ್ತಿದ್ದರು. ಎಚ್ಚರವಾದ ಊರು ಅವರನ್ನು ಬೈಯುತ್ತ ಹಾಲು ಕರೆಯುತ್ತಿತ್ತು. ಅವರನ್ನು ಕರೆತಂದವರು ಕೊಟ್ಟೂರೇಶ್ ಮೇಷ್ಟ್ರು, ದಾವಣಗೆರೆಯ ಸರಸ್ವತಿ ನಗರದವರು, ಒಳ್ಳೆಯ ಮನುಷ್ಯ. ಎದುರಿಗೆ ನಿಂತ ಒಬ್ಬರ ಹತ್ತಿರ ಮಾತಾಡುವಾಗಲೂ ಮೈಕು ಹಿಡಿಯುತ್ತಿದ್ದರು, ಅದೊಂದೇ ಚಟ.

ಊರಿಗೆ ಏನು ಸೇವೆ ಬೇಕು ಎಂದು ಮೇಷ್ಟ್ರು ಕೇಳಿದಾಗ, ಸ್ವಾಗತ ಸಮಿತಿಯ ಅಧ್ಯಕ್ಷ ಉಜ್ಜನಪ್ಪ ಎರಡು ಕೆಲಸ ಹೇಳಿದ. ಒಂದು, ಮುದುಕರಿಗೆ ಕಣ್ಣಿನ ತಪಾಸಣೆ, ದಾವಣಗೆರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಎರಡು, ಅದೇ ದಿನ ಶಾಲೆ ತಿರುವಿನ ಕಸ ಎತ್ತಿಸುವುದು. ಎತ್ತಿದ್ದನ್ನು ಹಾಕಲು ಪಕ್ಕದಲ್ಲೇ ಇರುವ ತನ್ನ ಗದ್ದೆಯನ್ನು ಉದಾರವಾಗಿ ಬಿಟ್ಟುಕೊಟ್ಟ. ಬಸ್ಸು ಹತ್ತುವವರಲ್ಲಿ ಮೊದಲ ಹೆಸರು ಓಬಕ್ಕನದು ಇರಲಿ ಎಂದೂ ಹೇಳಿದ. ಮೇಷ್ಟ್ರು ಕಣ್ಣಲ್ಲಿ ನೀರು ತಂದುಕೊಂಡು ಅವನಿಗೆ ಶಾಲು ಹೊದಿಸಿದರು.

ಓಬಕ್ಕನಿಗೆ ಕಣ್ಣಲ್ಲಿ ದೋಷವೇನೂ ಇರಲಿಲ್ಲ. ಆದರೆ ಬಸ್ಸು ಪುಕ್ಕಟೆ, ಜೊತೆಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಕೊಡಿಸುತ್ತಾರೆಂಬ ಸುದ್ದಿಯೂ ಇತ್ತು. ಹೋದಳು. ಡಾಕ್ಟರು ಪಾಪೆ ಅಗಲವಾಗಲಿ ಎಂದು ಕಣ್ಣಿಗೆ ಹನಿ ಹಾಕಿದರು. ಸಂಜೆವರೆಗೆ ಮಂಜು ಮಂಜಾಗಿ ಕಾಣುತ್ತದೆ, ಹೆದರಬೇಡಿ ಎಂದರು. ದೋಸೆಯನ್ನು ಕೈಯಿಂದ ತಡವಿ ತಿಂದು ಬಂದಳು.

ಬಸ್ಸಿಳಿದು ಊರೊಳಗೆ ನಡೆದಳು. ಓಬಕ್ಕ ಮನೆಗೆ ತಿರುಗುವುದು ತಿಪ್ಪೆಯ ಗುರುತಿನಿಂದ. ಕತ್ತಲಲ್ಲಿ ಬಂದರೂ ಮೂಗೇ ಅವಳನ್ನು ಎಡಕ್ಕೆ ತಿರುಗಿಸುತ್ತಿತ್ತು. ಆವತ್ತು ಮೂಗಿಗೆ ಏನೂ ಬಡಿಯಲಿಲ್ಲ. ಬ್ಲೀಚಿಂಗ್ ಪೌಡರಿನ ವಾಸನೆ ಬಂತು, ಆಸ್ಪತ್ರೆಯದು ಸೀರೆಗೆ ಹತ್ತಿಕೊಂಡಿರಬೇಕು ಎಂದುಕೊಂಡಳು. ತಿರುಗದೆ ನೆಟ್ಟಗೆ ನಡೆದು, ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ, ಮಾರಣ್ಣನ ಮನೆಯ ಜಗಲಿಯ ಮೇಲೆ ಕೂತು ಎಮ್ಮೆಯನ್ನು ಕೂಗಿದಳು. ಮಾರಣ್ಣ ಊರಿನ ಹಿರಿಯ, ನ್ಯಾಯ ಹೇಳುವವನು. ಅವನು ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ.

"ಯಾಕ ಓಬಕ್ಕ, ಮನಿ ಬದಲಾಯ್ಸಿದೇನು?" ಎಂದ.

"ಮಾರಣ್ಣ, ಕಣ್ಣಿಗೆ ಏನೋ ಹಾಕ್ಯಾರ. ನನ್ನ ತಿಪ್ಪೆ ಕಾಣ್ತಾನೆ ಇಲ್ಲ."

"ನಿನ್ನ ಕಣ್ಣು ನೆಟ್ಟಗೈತೆ," ಎಂದ ಮಾರಣ್ಣ. "ತಿಪ್ಪೇನೇ ಇಲ್ಲ."

ಓಬಕ್ಕ ನಂಬಲಿಲ್ಲ. ವಾಪಸು ಬಂದು ತಿರುವಿನಲ್ಲಿ ನಿಂತು ಕೈ ಚಾಚಿ ತಡವಿದಳು. ಗಾಳಿ ಸಿಕ್ಕಿತು. ಬಗ್ಗಿ ತಡವಿದಳು. ಗುಡಿಸಿ, ನೀರು ಹಾಕಿ, ಸಾರಿಸಿದಂತಿದ್ದ ನೆಲ ಸಿಕ್ಕಿತು. ಸುತ್ತಲೂ ಸುಣ್ಣ ಬಳಿದ ಕಲ್ಲು, ಮೂಲೆಗಳಲ್ಲಿ ಒಂದೊಂದು ಗಿಡ, ನಡುವೆ ಒಂದು ಬೋರ್ಡು: 'ಸ್ವಚ್ಛ ಸಾರಥಿ ಉದ್ಯಾನ'. ಓದಲು ಆಗಲಿಲ್ಲ, ಬೋರ್ಡಿಗೆ ಹಣೆ ಬಡಿದದ್ದರಿಂದ ಇದೆಯೆಂದು ಗೊತ್ತಾಯಿತು. ಹುಡುಗರು ತಳದ ಪುಟ್ಟಿಯನ್ನೂ ಬಿಟ್ಟಿರಲಿಲ್ಲ. ಕೆರೆದು ತೆಗೆದಿದ್ದರು.

ಅವಳು ಬೊಬ್ಬೆ ಹಾಕಲಿಲ್ಲ. ಅದನ್ನು ನೋಡಲೆಂದು ನೆರೆದಿದ್ದವರಿಗೆ ಬೇಸರವಾಯಿತು. ಬೋರ್ಡಿನ ಬುಡದಲ್ಲಿ ಚೀಲ ಹಾಸಿ ಕೂತಳು. ಹಿಂದೊಮ್ಮೆ ನಾಲೆಯ ನೀರಿಗಾಗಿ ಮಲೆಬೆನ್ನೂರಿನಲ್ಲಿ ರಸ್ತೆ ತಡೆ ನಡೆದಾಗ ಹೀಗೇ ಕೂತಿದ್ದಳು. ಪೊಲೀಸರು ಏಳಮ್ಮ ಎಂದಾಗ, ಮೊಣಕಾಲು ಹಿಡ್ಕಂಡೈತೆ, ಎತ್ತಿ ಅಂದಿದ್ದಳು. ಅವರು ಎತ್ತಲು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೀರು ಬಿಡಿಸುವುದೇ ಸುಲಭ ಎಂದು ಸಾಹೇಬರಿಗೆ ಫೋನು ಮಾಡಿದ್ದರು.

ಮೊದಲು ಬಂದವಳು ನಯನಾ ಎನ್ನುವ ಶಿಬಿರದ ಹುಡುಗಿ, ಕೈಯೆಲ್ಲ ಗುಳ್ಳೆ ಎದ್ದಿತ್ತು. ಬೆಳಗ್ಗೆಯಿಂದ ಪುಟ್ಟಿ ಹೊತ್ತವರಲ್ಲಿ ಮುಂದಿದ್ದವಳು ಅವಳೇ. ವಿಷಯ ಯಾರೋ ಹೇಳಿದ್ದರು. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, ಅಜ್ಜಿ, ನಾವು ಒಳ್ಳೇದು ಮಾಡೋಣ ಅಂತ, ಎಂದು ಅಳುವಂತಾದಳು.

"ಗೊತ್ತು ಬಿಡವ್ವ," ಎಂದಳು ಓಬಕ್ಕ. "ಕೆಟ್ಟದ್ದು ಮಾಡೋರು ಇಷ್ಟು ಚೊಕ್ಕ ಮಾಡಲ್ಲ. ಒಂದು ಪುಟ್ಟಿನಾರ ಬಿಟ್ಟು ಹೋಗ್ತಾರೆ."

ಆಮೇಲೆ ಮೇಷ್ಟ್ರು ಬಂದರು. ಒಂದು ಮಾರು ದೂರದಲ್ಲಿ ನಿಂತು, ಮೈಕಿನಲ್ಲಿ, ಮಾತೃ ಸ್ವರೂಪಿಯಾದ ಓಬಕ್ಕನವರು ಸಹಕರಿಸಬೇಕು, ನಾಳೆ ಸಮಾರೋಪ, ಉದ್ಯಾನದ ಉದ್ಘಾಟನೆಗೆ ಮುಖ್ಯ ಅತಿಥಿಗಳು ಬರುತ್ತಾರೆ ಎಂದು ಬೇಡಿಕೊಂಡರು. ಓಬಕ್ಕ ಉಪ್ಪಿಟ್ಟು ನುಂಗಿ, ಹನಿ ಹಾಕಿದ್ದು ತನ್ನ ಕಣ್ಣಿಗೆ, ಕಿವಿಗಲ್ಲ ಎಂದಳು. ಮೈಕು ಆಫಾಯಿತು.

ಹೊತ್ತು ಇಳಿಯುತ್ತಿರುವಾಗ ಉಜ್ಜನಪ್ಪನ ಟ್ರ್ಯಾಕ್ಟರು ಬಂತು. ಹಿಂದೆ ಟ್ರೇಲರಿನಲ್ಲಿ ತಗಡಿನ ಗೂಡು. ಒಂದು ಕೋಳಿ ಇನ್ನೂ ಒಳಗೇ ಇತ್ತು. ಉದ್ಯಾನ ಎಂದದ್ದು ಅಂಗಡಿಯಾಗುವುದನ್ನು ಕಂಡು ಮೇಷ್ಟ್ರ ಮುಖ ಇಳಿಯಿತು. ಉದ್ಯಾನಕ್ಕೆ ಬಂದವರಿಗೆ ಚಾ, ಮಿರ್ಚಿ ಬೇಡವೇ ಎಂದು ಉಜ್ಜನಪ್ಪ ಅವರಿಗೆ ಸಮಾಧಾನ ಹೇಳಿ, ಓಬಕ್ಕನ ಕಡೆ ತಿರುಗಿದ. ಅವನ ಮಾತು ಸಿಹಿಯಾಗೇ ಇತ್ತು. ತಳ ಖಾಲಿಯಾಗಿದೆ, ಜಾಗ ಊರಿನದು, ಕಟ್ಟಳೆ ಗೊತ್ತಿದ್ದವಳು ನೀನು, ಏಳು ಎಂದ. ಎಲ್ಲರೂ ಮಾರಣ್ಣನ ಮುಖ ನೋಡಿದರು. ಮಾರಣ್ಣ ಎಲೆಅಡಿಕೆ ಜಗಿಯುತ್ತ, ಕಟ್ಟಳೆ ಹಾಗೇ ಇರುವುದು ಹೌದು ಎಂದ.

ಜಾಗಕ್ಕೆ ಜಗಳಾಡಿದರೆ ಸೋಲು ಎಂದು ಓಬಕ್ಕನಿಗೆ ಕೂತಾಗಲೇ ಹೊಳೆದಿತ್ತು. ಜಾಗದ ಮಾತೇ ಎತ್ತಲಿಲ್ಲ.

"ಉಜ್ಜನಪ್ಪ, ನಿನ್ನ ಗದ್ದ್ಯಾಗ ಬಿದ್ದಿರೋ ಗೊಬ್ಬರ ಯಾರ್ದು?"

"ಯಾರ್ದು ಅಂದ್ರೆ? ಊರ ಕಸ. ಹುಡುಗ್ರು ತಂದು ಹಾಕಿದ್ರು."

"ಊರಿಂದಾ?"

"ಊರಿಂದೇ."

ಓಬಕ್ಕ ಸುತ್ತಲಿದ್ದವರ ಕಡೆ ತಿರುಗಿದಳು. ಮುಖಗಳು ಕಾಣದಿದ್ದರೂ ಯಾರು ಎಲ್ಲಿ ನಿಂತಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಊರಿನದಂತೆ, ಕೇಳಿಸಿಕೊಂಡಿರೇ, ಪುಟ್ಟಿ ತಂದು ನಿಮ್ಮ ನಿಮ್ಮ ಪಾಲು ಹೊತ್ತುಕೊಂಡು ಹೋಗಿ ಎಂದಳು. ಬೇಸಿಗೆ ಭತ್ತದ ನಾಟಿ ಹತ್ತಿರ ಬಂದಿತ್ತು. ಇಂಥ ಗೊಬ್ಬರ ಹುಡುಕಿದರೂ ಸಿಗದ ಕಾಲ. ಎರಡನೇ ಸಲ ಹೇಳಿಸಿಕೊಳ್ಳುವಷ್ಟು ಮರ್ಯಾದೆ ಯಾರಿಗೂ ಉಳಿದಿರಲಿಲ್ಲ. ಹೆಂಗಸರು ಪುಟ್ಟಿಗೆ ಓಡಿದರು, ಒಬ್ಬ ಗಾಡಿ ಹೂಡಲು ಹೋದ. ಓಬಕ್ಕನ ಮೈದುನರ ಹೆಂಡಿರು ಎಲ್ಲರಿಗಿಂತ ಮುಂದಿದ್ದರು. ಮಾರಣ್ಣನೇ ಎಲೆಅಡಿಕೆ ಉಗಿದು, ಮಗನಿಗೆ ಸಲಿಕೆ ತರಲು ಹೇಳಿದ.

ಉಜ್ಜನಪ್ಪ ತನ್ನ ಗದ್ದೆಯ ಕಡೆ ನೋಡಿದ. ಕಾಲೇಜಿನ ಮಕ್ಕಳು ಬೆವರು ಸುರಿಸಿ ಹೊತ್ತು ಹಾಕಿದ ಕಪ್ಪು ರಾಶಿಗಳು ಸಂಜೆ ಬಿಸಿಲಿನಲ್ಲಿ ಮಿನುಗುತ್ತಿದ್ದವು. ನಿಲ್ರಿ, ನಿಲ್ರಿ ಎಂದ.

"ಊರಿಂದು ಅಂದ್ರೆ ಊರು ತಗಂತೈತೆ," ಎಂದಳು ಓಬಕ್ಕ. "ನಂದು ಅಂದ್ರೆ ನಾನು ನಿನಗೇ ಬಿಟ್ಟೆ, ಉಂಡ್ಕಂಡು ಇರು. ಯಾರ್ದು ಹೇಳು."

ಉಜ್ಜನಪ್ಪ ಗೂಡು ನೋಡಿದ, ಗೊಬ್ಬರ ನೋಡಿದ. ಗೂಡನ್ನು ಬಸ್ ಸ್ಟಾಪಿನ ಹತ್ತಿರವೂ ಇಡಬಹುದು. ಗೊಬ್ಬರ ಹೋದರೆ ಮತ್ತೆ ಸಿಗದು.

"ನಿಂದೇ," ಎಂದ ಮೆತ್ತಗೆ.

"ಯಾವ ತಿಪ್ಪೆಂದು?"

"ನಿನ್ನ ತಿಪ್ಪೆಂದೇ ಮಾರಾಯ್ತಿ. ಈಗ ಇವ್ರನ್ನ ವಾಪಸ್ ಕರಿ."

ಗೊಬ್ಬರ ಅವಳದಾದರೆ ಎತ್ತುವ ಹಕ್ಕೂ ಅವಳದು, ಅವಳಿಲ್ಲದಾಗ ಬೇರೆಯವರು ತಳ ಕಿತ್ತರೆ ಅದು ಖಾಲಿ ಮಾಡಿದ ಲೆಕ್ಕಕ್ಕೆ ಬರುವುದಿಲ್ಲ, ಜಾಗ ಅವಳದೇ ಎಂದು ಮಾರಣ್ಣ ತೀರ್ಪು ಹೇಳಿದ. ಸಲಿಕೆ ಸುಮ್ಮನೆ ತರಿಸಿದಂತಾಯಿತು ಎಂಬ ಸಿಟ್ಟು ಅವನ ದನಿಯಲ್ಲಿ ಇತ್ತು. ಓಬಕ್ಕನಿಗೆ ಆ ಸಲದ ಭತ್ತ ಬಡಕಲಾಗುವುದು ಖಂಡಿತ. ಎರಡು ವರ್ಷದ ಸಗಣಿ ವೈರಿಯ ಗದ್ದೆ ಸೇರಿತ್ತು. ಅದನ್ನು ನೆನೆದು ರಾತ್ರಿಯೆಲ್ಲ ಬೈದಳು. ಬೈಗುಳ ಕೇಳಲು ಎಮ್ಮೆಗಳಿದ್ದವು.

ಬೆಳಗಾಗುತ್ತಲೇ ಎಮ್ಮೆಗಳನ್ನು ಉದ್ಯಾನದ ಬೋರ್ಡಿಗೆ ಕಟ್ಟಿದಳು. ಬರಿ ತೀರ್ಪಿನ ಮೇಲೆ ಊರು ನಿಲ್ಲುವುದಿಲ್ಲ, ನೆಲದ ಮೇಲೆ ಏನಾದರೂ ಬೀಳಬೇಕು. ಕೊಟ್ಟಿಗೆಯ ಸಗಣಿ ಹೊರಲು ನಯನಾ ಮತ್ತು ಅವಳ ಗೆಳತಿಯರು ತಾವಾಗಿ ಬಂದರು. ಮೊದಲ ಪುಟ್ಟಿ ಎತ್ತುವಾಗ ಉಸಿರು ಹಿಡಿದರು, ಆಮೇಲೆ ಉಸಿರಾಡದೆ ಬದುಕುವುದು ಆಗದ ಮಾತೆಂದು ಗೊತ್ತಾಯಿತು. ಅದರ ಮೇಲೆ ಶಾಲೆಯ ಹಿಂದೆ ಅಷ್ಟೂ ದಿನ ಕದ್ದು ಸುರಿದಿದ್ದ ಶಿಬಿರದ್ದೇ ಕಸವನ್ನೂ ತಂದರು: ತರಕಾರಿ ಸಿಪ್ಪೆ, ಹಳಸಿದ ಚಿತ್ರಾನ್ನ, ರಾಶಿ ರಾಶಿ ಉಪ್ಪಿಟ್ಟು. ಇಷ್ಟು ಉಪ್ಪಿಟ್ಟು ಚೆಲ್ಲುವವರು ನನ್ನ ತಿಪ್ಪೆ ತೆಗೆಯೋಕೆ ಬಂದಿರಲ್ಲ ಎಂದು ಓಬಕ್ಕ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ತಿಪ್ಪೆ ಮೊಣಕಾಲೆತ್ತರಕ್ಕೆ ಬಂದಿತ್ತು.

ಅತಿಥಿಗಳ ಕಾರು ಹರಿಹರ ದಾಟಿದೆ ಎಂದು ಫೋನು ಬಂದಾಗ ಕೊಟ್ಟೂರೇಶ್ ಮೇಷ್ಟ್ರು ತಿಪ್ಪೆಯನ್ನೂ ಬೋರ್ಡನ್ನೂ ನೋಡುತ್ತ ಬೆವರಿದರು. ಆಮೇಲೆ ಬಣ್ಣದ ಡಬ್ಬಿ ತರಿಸಿದರು. ಕಾರು ಬಂದು ನಿಂತಾಗ ಬೋರ್ಡಿನ ಮೇಲೆ 'ಸಾವಯವ ಗೊಬ್ಬರ ಘಟಕ' ಎಂದು ಹಸಿ ಬಣ್ಣ ಇಳಿಯುತ್ತಿತ್ತು. ಅತಿಥಿಗಳು ರಿಬ್ಬನ್ನು ಕತ್ತರಿಸಿದರು. ಇಂಥ ಘಟಕ ಊರೂರಿಗೂ ಬೇಕು ಎಂದು ಬಹಳ ಹೊತ್ತು ಮಾತಾಡಿದರು. ಫಲಾನುಭವಿ ಎಂದು ಓಬಕ್ಕನನ್ನು ಪಕ್ಕಕ್ಕೆ ನಿಲ್ಲಿಸಿ, ಶಾಲು ಹೊದಿಸಿ, ಈ ಮಕ್ಕಳಿಂದ ನಿಮಗೇನು ಅನುಕೂಲವಾಯಿತು ತಾಯಿ ಎಂದು ಕೇಳಿದರು.

"ತಗದ್ರು, ಮತ್ತೆ ಹಾಕಿದ್ರು," ಎಂದಳು ಓಬಕ್ಕ. "ಹುಡುಗ್ರು ಮೈಗಳ್ಳರಲ್ಲ ಬಿಡ್ರಿ."

ಚಪ್ಪಾಳೆ ಬಿತ್ತು. ಹಾಗಾದರೆ ಮುಂದಿನ ವರ್ಷವೂ ಶಿಬಿರವನ್ನು ಇಲ್ಲಿಗೇ ಕಳಿಸೋಣ ಎಂದರು ಅತಿಥಿಗಳು.

"ಬ್ಯಾಡ್ರಿ. ಬ್ಯಾರೆ ಊರು ನೋಡ್ರಿ. ಇದು ತುಂಬಾಕೆ ಎರಡು ವರ್ಷ ಬೇಕು."

ಅಷ್ಟರಲ್ಲಿ ಅತಿಥಿಗಳ ಬೆನ್ನ ಹಿಂದೆ ಎಮ್ಮೆ ಬಾಲ ಎತ್ತಿತು. ಓಬಕ್ಕ ಶಾಲು ಸೊಂಟಕ್ಕೆ ಬಿಗಿದು, ಮುಖ್ಯ ಅತಿಥಿಗಳನ್ನು ಅತ್ತ ಸರಿಸಿ, ಪುಟ್ಟಿ ಹಿಡಿದು ಓಡಿದಳು.